ಒಲೆ ಹಚ್ಚದ ಮನೆ

ದುರುಗೇಶ ಮೊಟ್ಟಮೊದಲು ಬಿಟ್ಟದ್ದು ಮಾಂಸವಲ್ಲ, ಒಂದು ಅಕ್ಷರ. ಪಾಮನಕಲ್ಲೂರಿನಲ್ಲಿ ದುರುಗೇಶನಾಗಿದ್ದವನು ಸಿಂಧನೂರಿಗೆ ಬಂದು ನಡುವಿನ ‘ರು’ ನುಂಗಿ ದುರ್ಗೇಶ್ ಸರ್ ಆದ. ಅಕ್ಷರಕ್ಕೆ ಎಲುಬಿಲ್ಲ, ಸಲೀಸಾಗಿ ಇಳಿಯಿತು. ಆಮೇಲೆ ಬಾಡಿಗೆ ಮನೆ ಹುಡುಕಿದ. ಗೇಟಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ತೂಗುತ್ತಿತ್ತು. ಮಾಲೀಕ ವಿರೇಶಪ್ಪ ಜಾತಿ ಕೇಳುವಂಥ ಹಳೇ ಕಾಲದ ಮನುಷ್ಯನಲ್ಲ. "ನೀವು ವೆಜ್ಜಾ ಸರ್?" ಎಂದಷ್ಟೇ ಕೇಳಿದ. ಆ ಒಂದು ಪ್ರಶ್ನೆಯೊಳಗೆ ಉಳಿದ ಪ್ರಶ್ನೆಗಳೆಲ್ಲ ಕಾಲು ಮಡಚಿಕೊಂಡು ಕೂತಿದ್ದವು. ದುರುಗೇಶ "ಹೌದ್ರಿ" ಎಂದ. ಅಂದ ಮೇಲೆ ಆಗಲೇಬೇಕಲ್ಲ, ಆದ.

ಅವನ ತಾಯಿ ಗದ್ದೆಮ್ಮನಿಗೆ ಇದು ಗೊತ್ತಾದದ್ದು ಮೊಮ್ಮಗಳು ಮೈತ್ರಿಯನ್ನು ನೋಡಿಕೊಳ್ಳಲು ಆ ಮನೆಗೆ ಬಂದು ಸೇರಿದ ಮೇಲೆ. ದುರುಗೇಶ ವಳಕಮದಿನ್ನಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸೊಸೆ ಸುರೇಖಾ ಮಸ್ಕಿಯ ದವಾಖಾನೆಯಲ್ಲಿ ನರ್ಸು. ಬೆಳಿಗ್ಗೆ ಎಂಟಕ್ಕೆ ಅವನು ಬೈಕು ಹತ್ತಿದರೆ ಇವಳು ಬಸ್ಸು ಹತ್ತುತ್ತಿದ್ದಳು. ಎಂಟು ವರ್ಷದ ಮೈತ್ರಿಯನ್ನು ಶಾಲೆಗೆ ಬಿಟ್ಟು ಕರೆತರುವುದು, ಬಟ್ಟೆ, ಕಸ, ಮುಸುರೆ ಗದ್ದೆಮ್ಮನ ಪಾಲು. ಅವಳು ಅರವತ್ತೈದು ದಾಟಿದ್ದಳು. ಬಾಯಲ್ಲಿ ನಾಲ್ಕು ಹಲ್ಲು ಉಳಿದಿದ್ದವು, ಅವೂ ಒಂದಕ್ಕೊಂದು ಎದುರಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಗುಳಿಗೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಸಿಕೊಂಡರೆ ಅವಳ ದಿನ ಸಾಗುತ್ತಿತ್ತು. ಮಗ ಮಾಂಸ ಬಿಟ್ಟದ್ದಕ್ಕೆ ಅವಳು ತಕರಾರು ತೆಗೆಯಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ತಂಗಿ ಪಕೀರಮ್ಮನ ಮನೆಯಲ್ಲಿ ಗಡದ್ದಾಗಿ ಉಂಡು, ಬಸ್ಸು ಹತ್ತುವ ಮುಂಚೆ ಬೇವಿನ ಕಡ್ಡಿಯಿಂದ ಬಾಯಿ ತಿಕ್ಕಿಕೊಂಡು ಬರುತ್ತಿದ್ದಳು.

ಎರಡು ವರ್ಷ ಹೀಗೇ ಕಳೆಯಿತು. ಆದರೆ ಆ ಬಡಾವಣೆಯ ತುಂಬ ಹುಟ್ಟಿದಂದಿನಿಂದ ಸಸ್ಯಾಹಾರಿಗಳಾದವರೇ ಇದ್ದರು. ಅವರ ನಡುವೆ ದುರುಗೇಶ ಹೊಸದಾಗಿ ನೌಕರಿಗೆ ಸೇರಿದವನಂತೆ, ಸೀನಿಯಾರಿಟಿ ಇಲ್ಲದವನು. ಬೆಳಗಿನ ಯೋಗದ ಗುಂಪಿನಲ್ಲಿ ಒಬ್ಬರು ಮೊಬೈಲಿನಲ್ಲಿ ಏನೋ ತೋರಿಸಿದರು. ಅವತ್ತೇ ಮನೆಗೆ ಬಂದು, ಇನ್ನು ಮೇಲೆ ನಾವು ವೀಗನ್ ಎಂದು ಸಾರಿದ.

"ಯಾರೋ ಇಂವ ಬೀಗನ್?" ಎಂದಳು ಗದ್ದೆಮ್ಮ. "ಸುರೇಖಾನ ತವರ ಕಡಿ ಬೀಗನೇನು?"

"ಬೀಗ ಅಲ್ಲಮ್ಮ, ವೀಗನ್. ಹಾಲು, ಮಸರು, ತುಪ್ಪ, ಯಾವದೂ ಮುಟ್ಟಂಗಿಲ್ಲ. ಅದು ಕರುವಿನ ಪಾಲು."

"ಕರುವಿನ ಪಾಲು ಕಸಗೊಳ್ಳಾಕ ನಮ್ಮನ್ಯಾಗ ಎಮ್ಮಿ ಯಾವಾಗ ಇತ್ತೋ? ನೀ ನೌಕರಿ ಹಿಡದ ಮ್ಯಾಲೇ ನಾ ದಿನಾ ಮಜ್ಜಿಗಿ ಕಂಡದ್ದು."

ಮಜ್ಜಿಗೆ ಹೋಯಿತು, ಶೇಂಗಾ ಅರೆದ ನೀರು ಬಂತು. ಮನೆಗೆ ಬೀಗನಾಗಿ ಬಂದವನು ಅಡುಗೆಮನೆಗೆ ಬೀಗವಾಗಿ ಕೂತ ಎಂದು ಗದ್ದೆಮ್ಮ ಸೊಸೆಯ ಮುಂದೆ ನಗಾಡಿದಳು. ಸುರೇಖಾ ಗಂಡನ ಕಡೆ ನೋಡಿ, ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಈ ಸಲ ಸಂಕ್ರಮಣ ಮುಗಿದ ವಾರ ದುರುಗೇಶ ಗ್ಯಾಸ್ ಸಿಲಿಂಡರನ್ನು ಯೋಗದ ಗೆಳೆಯನೊಬ್ಬನಿಗೆ ಕೊಟ್ಟುಬಂದ. ಒಲೆಯನ್ನು ಹಳೇ ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ. ಕೈ ಜಾಡಿಸಿಕೊಳ್ಳುತ್ತ ಕೆಳಗಿಳಿದು ಹೇಳಿದ:

"ಇನ್ಮ್ಯಾಲೆ ನಮ್ಮನ್ಯಾಗ ಒಲಿ ಹಚ್ಚಂಗಿಲ್ಲ."

ಗದ್ದೆಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಡೆ ಆ ಮಾತು ಆಡುವುದು ಒಂದೇ ಸಂದರ್ಭದಲ್ಲಿ. ಹೆಣ ಬಿದ್ದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂಧುಬಳಗ ಬುತ್ತಿ ಕಟ್ಟಿಕೊಂಡು ಬಂದು ಆ ಮನೆಯವರಿಗೆ ಉಣಿಸಬೇಕು.

"ಬಾಯಿ ತೊಳಕೋ ಹೋಗು," ಎಂದಳು. "ಎಲ್ಲಾರೂ ಬದುಕಿದ್ದ ಮನ್ಯಾಗ ಇಂಥ ಮಾತು ಆಡಬಾರದು."

ಮಗ ತಿಳಿಸಿ ಹೇಳಿದ. ಬೆಂಕಿ ಮುಟ್ಟಿದರೆ ಕಾಳಿನ ಸತ್ವ ಸಾಯುತ್ತದೆ, ಬೇಯಿಸಿದ್ದು ಸತ್ತ ಊಟ, ಹಸಿಯಾಗಿ ತಿಂದದ್ದೇ ಜೀವಂತ ಊಟ, ಆರು ತಿಂಗಳು ತಿಂದರೆ ಸಕ್ಕರೆ ಕಾಯಿಲೆಯೂ ಓಡಿಹೋಗುತ್ತದೆ. ಗದ್ದೆಮ್ಮ ಪೂರ್ತಿ ಕೇಳಿದಳು.

"ನಾವೂ ತಿಂದೀವಿ ಬಿಡು. ಬರ ಬಿದ್ದಾಗ ಹಸಿ ಜ್ವಾಳ, ಹಸಿ ಗೆಣಸು, ಸಿಕ್ಕದ್ದೆಲ್ಲ. ನಾವು ಹಸಿದು ತಿಂದ್ವಿ, ನೀ ಹಸೀದು ತಿನ್ನಾಕತ್ತೀ."

ಹಸಿದುಗೂ ಹಸೀದಿಗೂ ನಡುವೆ ಒಂದು ದೀರ್ಘದ ಅಂತರ. ಮಗ ಆ ದೀರ್ಘ ಎಳೆಯುವಷ್ಟು ಓದಲೆಂದು ಈ ತಾಯಿ ಇಪ್ಪತ್ತು ವರ್ಷ ಕಾಲುವೆ ಕಡೆ ಆಂಧ್ರದ ರೈತರು ನೆಲೆಸಿದ ಕ್ಯಾಂಪುಗಳಲ್ಲಿ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡಿದ್ದಳು.

ಅಡುಗೆ ನಿಂತರೆ ಹೆಂಗಸರ ಕೆಲಸ ಕಡಿಮೆಯಾಗುತ್ತದೆ ಎಂದು ದುರುಗೇಶ ಯೋಗದ ಗುಂಪಿನಲ್ಲಿ ಭಾಷಣ ಮಾಡಿದ್ದ. ಮನೆಯಲ್ಲಿ ಆದದ್ದು ಬೇರೆ. ಹೆಸರು ನೆನೆಹಾಕು, ಬಟ್ಟೆಯಲ್ಲಿ ಕಟ್ಟು, ಮೊಳಕೆ ಬರಿಸು, ಶೇಂಗಾ ಸಿಪ್ಪೆ ಬಿಡಿಸು, ಗಜ್ಜರಿ ಹೆರೆ, ಕೊಬ್ಬರಿ ಅರೆ. ಗದ್ದೆಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ಹೆರೆದು ಹೆರೆದು ಹಾಕಿ, ಕೊನೆಗೆ ತನ್ನ ತಾಟಿನ ಮುಂದೆ ಕೂತರೆ ಒಂದು ತುತ್ತು ಬಾಯೊಳಗೆ ಈ ಕಡೆಯಿಂದ ಆ ಕಡೆಗೆ ಉರುಳಿ, ಹೊಕ್ಕ ಬಾಗಿಲಿನಿಂದಲೇ ಹೊರಬೀಳುತ್ತಿತ್ತು. ಬಾಳೆಹಣ್ಣಿನಿಂದ ಸಕ್ಕರೆ ಏರುತ್ತಿತ್ತು, ಉಪವಾಸದಿಂದ ಇಳಿಯುತ್ತಿತ್ತು. ಹೊರಗೆ ಸಿಂಧನೂರಿನ ರೈಸ್ ಮಿಲ್ಲುಗಳು ನಾಡಿಗೆಲ್ಲ ಆಗುವಷ್ಟು ಅಕ್ಕಿ ಮಾಡುತ್ತಿದ್ದವು. ಈ ಮನೆಯಲ್ಲಿ ಒಂದು ಹಿಡಿ ಬೇಯುತ್ತಿರಲಿಲ್ಲ.

ಮೂರನೇ ವಾರದ ಹೊತ್ತಿಗೆ ಉಳಿದವರು ತಂತಮ್ಮ ದಾರಿ ಕಂಡುಕೊಂಡಿದ್ದರು. ಮೈತ್ರಿ ಮೊಳಕೆ ಕಾಳಿನ ಡಬ್ಬಿಯನ್ನು ಗೆಳತಿಗೆ ದಾಟಿಸಿ ಅವಳ ಡಬ್ಬಿಯ ಮಂಡಕ್ಕಿ ಒಗ್ಗರಣೆ ತಿಂದು ಬರುತ್ತಿದ್ದಳು. ಸುರೇಖಾಳ ಡಬ್ಬಿ ಮಸ್ಕಿ ಬಸ್‌ಸ್ಟ್ಯಾಂಡಿನ ಆಡಿಗೆ ಹೋಗುತ್ತಿತ್ತು. ಅವಳು ಖಾನಾವಳಿಗೆ ಹೋಗುತ್ತಿದ್ದಳು. ದುರುಗೇಶನೊಬ್ಬ ಮಾತ್ರ ಮಾತಿಗೆ ತಪ್ಪದವನು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುವ ಪಾಳಿ ಬಂದಾಗ ಮುಖ ಆ ಕಡೆ ತಿರುಗಿಸಿ ಹಂಚುತ್ತಿದ್ದನಂತೆ. ಗಲ್ಲ ಬತ್ತಿ, ಪ್ಯಾಂಟಿಗೆ ಹೊಸ ತೂತು ಕೊರೆದ ಬೆಲ್ಟು ಬಂದಿತ್ತು. ಅಂತೂ ನಿಷ್ಠೆಯಿಂದ ಹಸಿ ಊಟವನ್ನು ತಿನ್ನುತ್ತಿದ್ದವರು ಇಬ್ಬರು, ನಂಬಿದವನು ಮತ್ತು ಹೊರಗೆ ಹೋಗಲು ಬಸ್ಸಿಲ್ಲದವಳು.

ಒಂದು ಸಂಜೆ ಸುರೇಖಾ ವ್ಯಾನಿಟಿ ಬ್ಯಾಗಿನಿಂದ ಪೇಪರಿನ ಪೊಟ್ಟಣ ತೆಗೆದು ಅತ್ತೆಯ ಮಡಿಲಿಗೆ ಹಾಕಿದಳು. ಎರಡು ಇಡ್ಲಿ, ಇನ್ನೂ ಬೆಚ್ಚಗಿದ್ದವು.

"ಅತ್ತಿ, ಬಾತ್‌ರೂಮಿನ್ಯಾಗ ಕುಂತು ಲಗೂನ ತಿಂದುಬಿಡ್ರಿ. ಅವರು ಬರೋ ಹೊತ್ತಾತು."

"ಕದ್ದು ಬೇಕಾದ್ರ ತಿಂತೀನಿ. ಕಕ್ಕಸದಾಗ ಕುಂತು ತಿನ್ನು ಅಂತೀ ಏನವಾ? ನೀನರ ಅವಗ ಒಂದು ಮಾತು ಹೇಳಬಾರದೇನು?"

"ಹೇಳಿದ್ರ ಮನಿ ಮುರೀತದ ರೀ ಅತ್ತಿ. ಬಸ್‌ಸ್ಟ್ಯಾಂಡಿನ್ಯಾಗ ತಿಂದ್ರ ಮನಿ ಉಳೀತದ."

ಗದ್ದೆಮ್ಮ ಇಡ್ಲಿಯನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ತಿಂದಳು. ಮಗ ಬಂದವನು ವಾಸನೆ ಹಿಡಿದ. ಸುರೇಖಾಳ ಹೆಸರು ಹೇಳದೆ, ಅಂಗಡಿಯಿಂದ ನಾನೇ ತಂದೆ ಎಂದಳು. ಮಾತು ಬೆಳೆಯಿತು. ತನಗೆ ಬೇರೆ ಏನೂ ಬೇಡ, ದಿನಕ್ಕೊಂದು ರೊಟ್ಟಿ ಸಾಕು, ಹಿತ್ತಲಲ್ಲಿ ಮೂರು ಕಲ್ಲಿಟ್ಟು ತಾನೇ ಬಡಿದುಕೊಳ್ಳುತ್ತೇನೆ ಎಂದಳು.

"ಹಿತ್ತಲದಾಗ ಹೊಗಿ ಎದ್ರ ಮ್ಯಾಲಿನ ಮನಿ ವಿರೇಶಪ್ಪ ಏನ್ ತಿಳಕೊಂತಾನ? ಇವರು ಹಟ್ಟಿ ಮಂದಿ ಅಂತ ತಿಳಕೊಳ್ಳಂಗಿಲ್ಲೇನು?"

"ತಿಳಕೊಳ್ಳಲಿ. ಸುಳ್ಳೇನು?"

ದುರುಗೇಶ ಕಿಟಕಿ ಮುಚ್ಚಿ ಬಂದ. ಪಡಸಾಲೆಯ ಶೋಕೇಸಿನಲ್ಲಿ ಬುದ್ಧ ಕಣ್ಣು ಮುಚ್ಚಿ ನಗುತ್ತಿದ್ದ. ಬುದ್ಧನಿಗೆ ಆ ಬಡಾವಣೆಯಲ್ಲಿ ಯಾರ ತಕರಾರೂ ಇರಲಿಲ್ಲ, ನಾಲ್ಕು ಮನೆಗಳಲ್ಲಿ ಅಂದಕ್ಕೆ ಇಟ್ಟಿದ್ದರು. ಬಾಬಾಸಾಹೇಬರ ಫೋಟೊ ಮಾತ್ರ ಮಲಗುವ ಕೋಣೆಯ ಅಲಮಾರಿಯೊಳಗೆ ಸೀರೆಗಳ ಹಿಂದೆ ಇತ್ತು.

"ಅವ್ರು ಮಾಂಸ ತಿನ್ನಂಗಿಲ್ಲ, ನಾನೂ ಬಿಟ್ಟೆ," ಎಂದ ದನಿ ತಗ್ಗಿಸಿ. "ಅವ್ರು ಹಾಲು ಕುಡೀತಾರ, ನಾ ಅದನ್ನೂ ಬಿಟ್ಟೆ. ಅವ್ರು ಬೇಸಿಕೊಂಡು ಉಣ್ತಾರ, ನಾ ಅದನ್ನೂ ಬಿಟ್ಟೆ. ನಿನ್ನಿ ಯೋಗದಾಗ ವಿರೇಶಪ್ಪ ನನ್ನ ಮುಂದ ಕೈ ಮುಗದ. ಗುರುಗಳೇ ಅಂದ. ಅಪ್ಪ ಅಂಥವರ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ದಾಟತಿದ್ದ. ನಿನಗ ನೆನಪಿಲ್ಲೇನಬೇ?"

ನೆನಪಿತ್ತು. ಗದ್ದೆಮ್ಮ ಮರುದಿನ ಮತ್ತೆ ಗಜ್ಜರಿ ಹೆರೆಯಲು ಕೂತಳು.

ಐದನೇ ವಾರ, ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿದ ಮೈತ್ರಿಯನ್ನು ಕರೆತಂದು, ಗುಳಿಗೆ ನುಂಗಿ, ಒಂದು ಚಮಚ ಗಜ್ಜರಿ ಬಾಯಿಗೆ ಹಾಕಿಕೊಂಡದ್ದಷ್ಟೇ ಗದ್ದೆಮ್ಮನಿಗೆ ನೆನಪು. ಮೈ ಬೆವೆತು, ಕಣ್ಣಿಗೆ ಕತ್ತಲು ಬಂದು, ಪಡಸಾಲೆಯಲ್ಲಿ ಅಡ್ಡಬಿದ್ದಳು. ಮುಂದಿನದನ್ನು ಆಮೇಲೆ ಅವರಿವರಿಂದ ಕೇಳಿ ತಿಳಿದುಕೊಂಡಳು. ಮಗು ಹೆದರಿ ಅಳುತ್ತಿದ್ದಾಗ ಗದ್ದೆಮ್ಮನ ಫೋನು ರಿಂಗಾಯಿತು. ಊರಿನಿಂದ ಪಕೀರಮ್ಮ.

"ನಿಮ್ಮಜ್ಜಿಗಿ ಕೊಡವಾ ಫೋನು."

"ಅಜ್ಜಿ ಏಳವಲ್ಲಳು. ಎಷ್ಟು ಕರದ್ರೂ ಮಾತಾಡವಲ್ಲಳು."

ಪಕೀರಮ್ಮನ ದನಿ ಸಣ್ಣದಾಯಿತಂತೆ. ಅಪ್ಪ ಅವ್ವ ಎಲ್ಲಿ ಎಂದಳು, ಇನ್ನೂ ಬಂದಿಲ್ಲ ಎಂದಿತು ಮಗು. ಉಂಡಿಯೇನವಾ ಎಂದಳು.

"ಇಲ್ಲ. ನಮ್ಮನ್ಯಾಗ ಒಲಿ ಹಚ್ಚಿಲ್ಲ."

ಆಮೇಲೆ ಪಕೀರಮ್ಮನಿಗೆ ಕೇಳುವಂಥದ್ದೇನೂ ಉಳಿಯಲಿಲ್ಲ. ಫೋನು ಕೈಯಿಂದ ಜಾರಿತು, ಬಾಯಿಂದ ಬೊಬ್ಬೆ ಹೊರಟಿತು. ಓಣಿಯವರು ದುರುಗೇಶನಿಗೆ ಏಳು ಸಲ ಫೋನು ಹಚ್ಚಿದರು. ಅವನು ಶಾಲೆ ಮುಗಿದ ಮೇಲೂ ಮಾಸ್ತರರ ಮೀಟಿಂಗಿನಲ್ಲಿದ್ದ, ಊರಿನ ನಂಬರು ಬಂದರೆ ನಾಲ್ಕು ಜನರ ಮುಂದೆ ಎತ್ತುವ ರೂಢಿ ಅವನಿಗಿರಲಿಲ್ಲ. ಹೌದಲ್ಲ, ದುಃಖದಲ್ಲಿದ್ದಾನೆ, ಹೇಗೆ ಎತ್ತಿಯಾನು ಎಂದುಕೊಂಡರು ಅವರು.

ಇತ್ತ ಸುರೇಖಾ ಮೂರಕ್ಕೆ ಬಂದವಳು ನೋಡಿದ ಕೂಡಲೇ ಸಕ್ಕರೆ ಇಳಿದಿದೆ ಎಂದು ತಿಳಿದಳು. ಗ್ಲಾಸಿನಲ್ಲಿ ಸಕ್ಕರೆ ಕದಡಿ ಅತ್ತೆಯ ಬಾಯಿಗೆ ಹನಿ ಹನಿ ಬಿಟ್ಟಳು. ಅರ್ಧ ತಾಸಿಗೆ ಗದ್ದೆಮ್ಮ ಕಣ್ಣು ಬಿಟ್ಟು, ನೀರು ಕುಡಿದು, ದಿವಾನದ ಮೇಲೆ ನಿದ್ದೆ ಹೋದಳು. ಊರಿಗೆ ತಿರುಗಿ ಫೋನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಫೋನು ಬಂದದ್ದನ್ನು ಮಗು ಹೇಳಿರಲೂ ಇಲ್ಲ.

ಸಂಜೆ ಐದೂವರೆಗೆ ಗದ್ದೆಮ್ಮನಿಗೆ ಎಚ್ಚರವಾದದ್ದು ಸಾವಿಗೆ ಬಾರಿಸುವ ಹಲಗೆಯ ಸದ್ದಿಗೆ. ಯಾರೋ ಹೋದರಲ್ಲಪ್ಪ ಎಂದು ಮಲಗಿದಲ್ಲೇ ಕೈ ಮುಗಿದಳು. ಹಿಂದೆಯೇ ಒಬ್ಬ ಹೆಂಗಸು ಹಾಡಿಕೊಂಡು ಅಳುವುದು ಕೇಳಿತು. ನೂರು ಮಂದಿಗೆ ಬಿಸಿ ರೊಟ್ಟಿ ಬಡಿದಾಕಿ, ತಣ್ಣಗ ಹೆಂಗ ಮಲಗಿದ್ಯೇ ನನ್ನಕ್ಕಾ ಎಂದು ಆ ಹಾಡು. ಚಲೋ ಅಳಾಕತ್ತಾಳ, ಪುಣ್ಯವಂತಿ ಸತ್ತಾಕಿ ಅಂದುಕೊಂಡಳು. ಮುಂದಿನ ಸಾಲಿನಲ್ಲಿ ಅವಳದೇ ಹೆಸರು ಬಂತು.

ಗೋಡೆ ಹಿಡಿದು ಬಾಗಿಲಿಗೆ ಬಂದಳು. ಗೇಟಿನ ಮುಂದೆ ಗೂಡ್ಸ್ ಟೆಂಪೊ. ಹನ್ನೊಂದು ಜನ ಇಳಿದು ನಿಂತಿದ್ದರು, ಹೆಂಗಸರ ತಲೆಯ ಮೇಲೆ ಬುತ್ತಿಗಂಟು. ಪಟ್ಟಣದಲ್ಲಿ ಬಾರಿಸುವವರು ಸಿಗುತ್ತಾರೋ ಇಲ್ಲವೋ ಎಂದು ಪಕೀರಮ್ಮನ ಮಗ ಹನುಮಂತು ಹಲಗೆಯನ್ನು ತಾನೇ ತಂದಿದ್ದ, ಓಣಿಯ ಮೂಲೆಯಿಂದಲೇ ಬಾರಿಸುತ್ತ ಬಂದಿದ್ದ. ಎರಡೂ ಬದಿಯ ಮನೆಗಳ ಬಾಗಿಲು ತೆರೆದಿದ್ದವು. ಬಾಲ್ಕನಿಯಲ್ಲಿ ವಿರೇಶಪ್ಪ ಚಹಾದ ಕಪ್ಪು ಹಿಡಿದು ನಿಂತಿದ್ದ.

ಪಕೀರಮ್ಮನ ಹಾಡು ನಡುವೆ ತುಂಡಾಯಿತು.

"ನೀ ಸತ್ತಿಲ್ಲೇನಬೇ?"

"ಇಲ್ಲವಾ," ಎಂದಳು ಗದ್ದೆಮ್ಮ. "ಬುತ್ತಿ ತಂದೀಯೇನು?"

ಅಲ್ಲೇ ಮೆಟ್ಟಿಲ ಮೇಲೆ ಕೂತು ತಂಗಿಯ ತಲೆಯಿಂದ ಗಂಟು ಇಳಿಸಿಕೊಂಡಳು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ರೊಟ್ಟಿ ಮಡಿಕೆಯೊಳಗೆ ಇನ್ನೂ ಬೆಚ್ಚಗಿತ್ತು. ಸತ್ತ ಮನೆಗೆಂದು ಕಟ್ಟಿದ್ದನ್ನು ಯಾರ ಹೆಸರಿನಲ್ಲಿ ಕಟ್ಟಿದೆಯೋ ಅವಳೇ ಉಣ್ಣಬಾರದು, ಅಪಶಕುನ ಎಂದು ಒಬ್ಬ ಮುದುಕಿ ಕೈ ಅಡ್ಡ ತಂದಳು.

"ಸತ್ತ ಮ್ಯಾಲೆ ನೀವು ತಂದದ್ದು ನಾ ಹೆಂಗ ಉಣ್ಣಲಿ? ಈಗ ಉಣ್ತೀನಿ ಬಿಡ್ರಿ," ಎಂದು ಗದ್ದೆಮ್ಮ ರೊಟ್ಟಿ ಮುರಿದಳು.

ಮೈತ್ರಿ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಸುರೇಖಾಳೂ ಬಂದು, ಗಂಡನ ಬೈಕು ಗೇಟಿನಲ್ಲಿ ನಿಂತದ್ದನ್ನು ನೋಡಿಯೂ, ಅತ್ತೆಯ ಮುಂದಿನ ಬುತ್ತಿಗೇ ಕೈ ಹಾಕಿದಳು.

ಆ ಬುತ್ತಿಯಲ್ಲಿ ವಿರೇಶಪ್ಪನ ಮನೆಯವರು ಉಣ್ಣಬಾರದಂಥದ್ದು ಒಂದೂ ಇರಲಿಲ್ಲ. ಆದರೆ ಹಲಗೆಗೆ ವೆಜ್ಜು, ನಾನ್‌ವೆಜ್ಜು ಎಂದಿಲ್ಲ. ಅದಕ್ಕಿರುವುದು ಚರ್ಮ ಮಾತ್ರ. ವಿರೇಶಪ್ಪ ಹಲಗೆಯನ್ನು ನೋಡಿದ, ಬಾರಿಸಿದವನನ್ನು ನೋಡಿದ, ಆಮೇಲೆ ತಲೆಯ ಮೇಲಿನ ಹೆಲ್ಮೆಟ್ಟು ತೆಗೆಯದೆ ನಿಂತಿದ್ದ ದುರುಗೇಶನನ್ನು ನೋಡಿದ. "ಯಾರೂ ತೀರಿಲ್ಲಲ್ರಿ ಸರ್, ಚಲೋ ಆತು," ಎಂದು ಒಳಗೆ ಹೋದ.

ನಾಲ್ಕು ದಿನ ಬಿಟ್ಟು, ಅಳಿಯನಿಗೆ ಸಿಂಧನೂರಿಗೆ ವರ್ಗವಾಗಿದೆ, ತಿಂಗಳ ಕೊನೆಗೆ ಮನೆ ಬೇಕು ಎಂದು ಹೇಳಿಕಳಿಸಿದ. ಯೋಗದಲ್ಲಿ ದುರುಗೇಶನ ಚಾಪೆಯ ಎರಡೂ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ಗುರುಗಳೇ ಎಂದವರು ಗುರುತೇ ಇಲ್ಲದವರಂತೆ ನಡೆದರು. ಒಂದು ಬೆಳಿಗ್ಗೆ ದುರುಗೇಶ ಯೋಗದಿಂದ ಮನೆಗೆ ಬಂದು ತಾಯಿಯ ಮುಂದೆ ನಿಂತ.

"ಒಂದು ರೊಟ್ಟಿ ಆಸೆಕ್ಕ ಎಲ್ಲಾ ಮಣ್ಣುಗೂಡಿಸಿದಿ."

"ನಾ ಏನು ಹಲಗಿ ಬಾರಸ್ರಿ ಅಂದಿದ್ನೇನು? ನನಗ ಎಚ್ಚರಾನ ಇದ್ದಿಲ್ಲ."

"ಅಷ್ಟು ದೂರದಿಂದ ಅಷ್ಟು ಮಂದಿ ಬಂದಿದ್ರು," ಎಂದ ದುರುಗೇಶ. "ಅವ್ರು ಬಂದದ್ದು ಸುಳ್ಳಾಗಬಾರದಿತ್ತು."

ಏನಂದಿರಿ ಎಂದು ಸುರೇಖಾ ಕೋಣೆಯಿಂದ ಹೊರಗೆ ಬಂದಳು. ಅವತ್ತು ಆ ಮನೆಯಲ್ಲಿ ಮೊದಲ ಸಲ ಸುರೇಖಾಳ ದನಿ ಗಂಡನ ದನಿಗಿಂತ ಮೇಲೆ ಹೋಯಿತು. ಮಸ್ಕಿಯ ಖಾನಾವಳಿಯ ಸುದ್ದಿಯೂ ಹೊರಬಿತ್ತು, ಆಡಿನ ಸುದ್ದಿಯೂ ಹೊರಬಿತ್ತು. ತಾನು ಆಡಿಗೆ ಹಾಕಿದ್ದನ್ನು ಆಡೂ ಮೊದಮೊದಲು ಮೂಸಿ ನೋಡುತ್ತಿತ್ತು ಎಂದಳು. ಕೊನೆಗೆ ಒಂದು ಕರಾರಾಯಿತು. ಹೊಸ ಮನೆಗೆ ಹೋದ ದಿನವೇ ಸಿಲಿಂಡರು ತರಬೇಕು, ಅತ್ತೆಗೆ ಎರಡು ಹೊತ್ತು ಬಿಸಿ ಊಟ. ದುರುಗೇಶ ಹೂಂ ಎನ್ನಲಿಲ್ಲ, ತಲೆ ಆಡಿಸಿದ. ಗದ್ದೆಮ್ಮನಿಗೆ ಅಷ್ಟು ಸಾಕಾಗಿತ್ತು. ಹೆತ್ತವಳು ಮಗನ ಮಾತನ್ನು ನುಂಗಬಲ್ಲಳು, ಅದಕ್ಕೆ ಹಲ್ಲು ಬೇಕಿಲ್ಲ.

ಮುಂದಿನ ಭಾನುವಾರ ಸುರೇಖಾಳಿಗೆ ಡ್ಯೂಟಿ ಇತ್ತು. ದುರುಗೇಶ ತಾಯಿಯನ್ನೂ ಮಗಳನ್ನೂ ಆಟೊದಲ್ಲಿ ಕೂಡಿಸಿಕೊಂಡು ಮನೆ ನೋಡಲು ಹೊರಟ. ಮೂರು ಕಡೆ ಆಗಲಿಲ್ಲ. ಒಂದು ಕಡೆ ಊರು ಯಾವುದೆಂದರು, ಒಂದು ಕಡೆ ಮನೆದೇವರು ಯಾವುದೆಂದರು, ಇನ್ನೊಂದು ಕಡೆ ಆಧಾರ್ ಕಾರ್ಡು ನೋಡಿ ಹೆಸರಿನಲ್ಲಿ ಇನ್ನೊಂದು ಅಕ್ಷರ ಇದೆಯಲ್ಲ ಎಂದರು. ನಾಲ್ಕನೆಯದು ಕಾಲುವೆಯ ಆಚೆ, ಮಹಡಿಯ ಮೇಲಿನ ಮನೆ. ಮಾಲಕಿ ಸಂಗಮ್ಮ ಒಬ್ಬಳೇ ಇರುವ ಹೆಂಗಸು, ನಗುಮುಖದವಳು. ಮೆಟ್ಟಿಲು ಹತ್ತಿ ಬಂದ ಗದ್ದೆಮ್ಮನಿಗೆ ಕುಡಿಯಲು ನೀರು ಕೊಟ್ಟಳು. ಗದ್ದೆಮ್ಮ ಅಡುಗೆಮನೆಗೆ ಹೋಗಿ ಕಪ್ಪು ಕಲ್ಲಿನ ಕಟ್ಟೆಯನ್ನು ಸವರಿ ನೋಡಿದಳು. ರೊಟ್ಟಿ ಬಡಿಯಲು ಎತ್ತರ ಸರಿಯಾಗಿತ್ತು.

ಪಡಸಾಲೆಯಲ್ಲಿ ಸಂಗಮ್ಮ, ಊಟ ಏನು ನಿಮ್ಮದು ಎಂದು ಕೇಳುವುದು ಕಿವಿಗೆ ಬಿತ್ತು. ಗದ್ದೆಮ್ಮ ಈ ಕಡೆ ಬಂದಳು.

"ನಾವು ಹಸೀದೇ ತಿನ್ನೋದ್ರಿ," ಎನ್ನುತ್ತಿದ್ದ ದುರುಗೇಶ. "ಒಲಿ ಅಂಬೋದೇ ಹಚ್ಚಂಗಿಲ್ಲ. ನಿಮ್ಮ ಗ್ವಾಡಿಗೆ ಒಂದು ಕಲಿ ಬೀಳಂಗಿಲ್ಲ ನೋಡ್ರಿ."

"ಅಯ್ಯ, ಋಷಿಗಳಿದ್ದಂಗ ಇದ್ದೀರಲ್ರಿ," ಎಂದಳು ಸಂಗಮ್ಮ. "ಎಷ್ಟು ಮಂದಿ ಇರ್ತೀರಿ?"

"ಮೂರು ಮಂದಿ."

ಸಂಗಮ್ಮ ಗದ್ದೆಮ್ಮನ ಕಡೆ ನೋಡಿದಳು. ಅವಳ ಕೈಯ ಹಚ್ಚೆ, ದಪ್ಪ ಬಳೆ, ಊರ ಕಡೆಯ ಕಚ್ಚೆ ಸೀರೆ.

"ಈ ಯಮ್ಮ?"

"ಮಗಳ್ನ ನೋಡ್ಕೊಳ್ಳಾಕ ಇಟ್ಟೀವ್ರಿ. ಹಳ್ಳಿ ಕಡಿಯಾಕಿ. ಬಂದು ಹೋಗಿ ಮಾಡ್ತಾಳ."

ಮೈತ್ರಿ ಬಾಯಿ ತೆರೆದಳು. ದುರುಗೇಶ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದ. ಗದ್ದೆಮ್ಮ ಮಗನನ್ನು ನೋಡಿದಳು. ಅವನು ಚಾವಣಿಯಲ್ಲಿ ಫ್ಯಾನಿನ ಕೊಂಡಿ ಹುಡುಕುತ್ತಿದ್ದ. ಗದ್ದೆಮ್ಮ ನೀರಿನ ಗ್ಲಾಸನ್ನು ಕಿಟಕಿಯಲ್ಲಿಟ್ಟು, ಸೆರಗು ಸರಿಮಾಡಿಕೊಂಡಳು.

"ಯವ್ವಾ, ನಿಮ್ಮ ಕಡಿ ಕೆಲಸದಾಕಿಗೆ ಊಟ ಹಾಕ್ತಾರೇನ್ರಿ?"

"ಹಾಕದಂಗ ಹೆಂಗವಾ? ಮನ್ಯಾಗ ಮಾಡಿದ್ದು ಬಿಸೀದು ಮುಂದಿಟ್ಟೇ ಕೆಲಸ ಹೇಳೋದು."

"ಇವ್ರ ಮನ್ಯಾಗ ಹಾಕಂಗಿಲ್ರಿ," ಎಂದಳು ಗದ್ದೆಮ್ಮ. ಆಮೇಲೆ ಮಗನ ಕಡೆ ತಿರುಗಿ ಕೈ ಜೋಡಿಸಿದಳು. "ನಾಳಿಂದ ನಾ ಬರಂಗಿಲ್ರಿ ಸರ್. ಬ್ಯಾರೆ ಯಾರನ್ನಾರ ನೋಡ್ಕೊಳ್ರಿ."

ಮೈತ್ರಿಯ ತಲೆ ಸವರಿ ಹೊರಗೆ ಬಂದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೇಲೆ ಮಗು ಅಳತೊಡಗಿತ್ತು. ಸಂಗಮ್ಮನ ದನಿ ಅದರ ಮೇಲೆ ಕೇಳಿಸಿತು. ಈಗಿನ ಕೆಲಸದವರಿಗೆ ಸೊಕ್ಕು ಭಾಳ, ನೀವೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಮ್ಮ ಓಣಿಯಲ್ಲಿ ಒಬ್ಬಾಕಿ ಇದ್ದಾಳೆ, ಕೇಳಿ ನೋಡಲೇನು ಎನ್ನುತ್ತಿದ್ದಳು.

ಗದ್ದೆಮ್ಮ ಕೊನೆಯ ಮೆಟ್ಟಿಲಲ್ಲಿ ಕಂಬಿ ಬಿಡದೆ ನಿಂತಳು.

"ಕೇಳಿ ನೋಡ್ರಿ," ಎಂದು ಮೇಲಿನಿಂದ ಮಗನ ದನಿ ಬಂತು.